ಪೂವಕ್ಕನ ಕೂಗು

ಪೂವಕ್ಕ ಅಂಗಳದ ತುದಿಯಲ್ಲಿ ನಿಂತು ಕೂ ಎಂದು ಕರೆದರೆ ಹೊಳೆಯಾಚೆಯ ಹೆಂಗಸರು ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು. ಅಂಥ ಗಂಟಲು ಅವರದು. ಐವತ್ತರ ದಶಕದ ಕೊನೆಯಲ್ಲಿ ಕಲ್ಲುಗುಂಡಿ ಹತ್ತಿರದ ಶಾಲೆಗೆ ಟೀಚರಾಗಿ ಪುತ್ತೂರಿನಿಂದ ಹೋದ ನನಗೆ ಉಳಿಯಲು ಕೋಣೆ ಕೊಟ್ಟವರು ಅವರೇ. ಗುಟ್ಟು ಎಂಬುದು ಆ ಮನೆಯಲ್ಲಿ ಇರಲಿಲ್ಲ. "ಟೀಚರಿಗೆ ಶೀತ ಮಾರಾಯ್ರೆ, ಒಳ್ಳೆಮೆಣಸು ಉಂಟಾ?" ಎಂದು ಗದ್ದೆಯಾಚೆಗೆ ಕೂಗಿ ಕೇಳುವರು. ನಾನು ನಾಚಿ ಒಳಗೆ ಓಡಿದರೆ ನನಗೇ ಜೋರು: "ಮುಚ್ಚಿಡ್ಲಿಕ್ಕೆ ಅದೆಂತ ಕದ್ದ ಮಾಲಾ?"

ಆ ಜೋರಿನ ಹಿಂದೆ ಒಂದು ಸಂಕಟವಿತ್ತು. ನಾನು ಹೋಗುವ ಮೊದಲು ಅವರ ಗದ್ದೆಯಲ್ಲಿ ದುಡಿಯುತ್ತಿದ್ದ ಬಾಬು ಕಾಲಿಗೆ ಕತ್ತಿ ತಾಗಿಸಿಕೊಂಡು, ಬಟ್ಟೆ ಸುತ್ತಿ, ಯಾರಿಗೂ ಹೇಳದೆ ಕೆಲಸ ಮಾಡಿದ್ದ. ಸುಳ್ಯದ ಡಾಕ್ಟರಿಗೆ ಕೊಡಲು ಅವನಲ್ಲಿ ಏನೂ ಇರಲಿಲ್ಲ. ಕೇಳಿದರೆ ಊರಿನ ಪಟೇಲರು ಕೊಡುತ್ತಿದ್ದರು. ಆದರೆ ಅವರ ಚಾವಡಿಯ ಕೆಳಗೆ ಕೈಕಟ್ಟಿ ನಿಲ್ಲಬೇಕಿತ್ತು. ಬಾಬು ನಿಲ್ಲಲಿಲ್ಲ. ಕೊನೆಗೆ ಕುರ್ಚಿಗೆ ಬಿದಿರು ಕಟ್ಟಿ ಅವನನ್ನು ಬಸ್ಸಿನ ದಾರಿಗೆ ಹೊತ್ತು ತಂದಾಗ ತಡವಾಗಿತ್ತು, ಪಾದವನ್ನೇ ತೆಗೆಯಬೇಕಾಯಿತು. "ಕುಂಟುದು ಯಾಕೆ ಅಂತ ಕೇಳಿದ್ರೆ ಎಂತ ಇಲ್ಲ ಅಕ್ಕ ಅಂತಿದ್ದ" ಎಂದು ಹೇಳುವಾಗ ಮಾತ್ರ ಪೂವಕ್ಕನ ದನಿ ತಗ್ಗುತ್ತಿತ್ತು.

ನಾನು ಹೋದ ಮರುವರ್ಷ ಘಟ್ಟದ ಮೇಲಿನ ಒಬ್ಬ ಯುವ ಡಾಕ್ಟರು ಬಂದರು. ಹೊಟ್ಟೆಪಾಡಿಗೆ ದಾರಿಯಾದರೆ ಇಲ್ಲೇ ನಿಲ್ಲುತ್ತೇನೆ ಎಂದರು. ನಮ್ಮ ಶಾಲೆಯಲ್ಲೇ ಸಭೆ ಸೇರಿತು. ಪಟೇಲರು ಎದ್ದರು. "ಉಳ್ಳವರು ಕೊಟ್ಟು ಮದ್ದು ತಕ್ಕೊಳ್ಳಲಿ. ಇಲ್ಲದವರದ್ದು ನನಗಿರಲಿ, ನನ್ನ ಧರ್ಮ." ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

"ಬೇಡ ಪಟೇಲ್ರೇ" ಎಂದರು ಪೂವಕ್ಕ. ಡಾಕ್ಟರಿಗೂ ತಿಳಿಯಲಿ ಎಂದು ಮನೆಮಾತಾದ ಅರೆಭಾಷೆ ಬಿಟ್ಟು ಕನ್ನಡದಲ್ಲೇ ಮಾತಾಡಿದರು. "ನೀವು ಒಳ್ಳೆಯವರೇ. ಆದ್ರೆ ನಿಮ್ಮ ಚಾವಡಿಗೆ ಬರ್ಲಿಕ್ಕೆ ನಾಚಿ ಬಾಬುವಿನ ಕಾಲು ಹೋಯ್ತು. ನಮ್ಮ ಕಮ್ಮಾರನಿಗೆ ವರ್ಷಕ್ಕೊಮ್ಮೆ ಎಲ್ಲ ಮನೆಯಿಂದ ಭತ್ತ ಹೋಗುದಿಲ್ವಾ? ಯಾರ ಕತ್ತಿ ಎಷ್ಟು ಸಲ ತಟ್ಟಿದ ಅಂತ ಯಾರಾದ್ರೂ ಕೇಳ್ತಾರಾ? ಡಾಕ್ಟ್ರಿಗೂ ಹಾಗೇ ಹೋಗ್ಲಿ. ಗದ್ದೆ ಇದ್ದವ ಭತ್ತ ಕೊಡ್ಲಿ, ಇಲ್ಲದವ ಸೌದೆ ಕೊಡ್ಲಿ, ಅದೂ ಆಗದವ ಸುಮ್ಮನೆ ಬರ್ಲಿ. ಮದ್ದು ಎಲ್ಲರಿಗೂ ಒಂದೇ."

ಪಟೇಲರ ಮುಖ ಕೆಂಪಾಯಿತು. "ಕಾಯಿಲೆಯೇ ಬೀಳದವ ಯಾಕೆ ಕೊಡುದು ಪೂವಕ್ಕ?"

"ಭತ್ತ ಕೊಟ್ಟಿದ್ದೇನೆ, ಇನ್ನು ನನಗೊಂದು ಕಾಯಿಲೆ ಕೊಡಿ ಅಂತ ಕೇಳುವವರು ಉಂಟಾ ಮಾರಾಯ್ರೆ? ಬೀಳದಿದ್ರೆ ನಿಮ್ಮ ಪುಣ್ಯ!"

ಸಭೆ ಗೊಳ್ಳೆಂದು ನಕ್ಕಿತು. ಪಟೇಲರು ಶಾಲು ಕೊಡವಿ ಹೊರಟೇಹೋದರು. ನಗು ನಿಂತ ಮೇಲೆ ಜನ ಪೂವಕ್ಕನ ಮೇಲೆಯೇ ತಿರುಗಿಬಿದ್ದರು. ಬಂದ ಡಾಕ್ಟರನ್ನು ಬಾಯಿಬಡುಕಿ ಓಡಿಸಿದಳು ಎಂದರು. ಡಾಕ್ಟರೂ ಪೆಟ್ಟಿಗೆ ಬಿಚ್ಚಲಿಲ್ಲ. ಕೊಯ್ಲು ಮುಗಿಯುವ ತನಕ ನೋಡುತ್ತೇನೆ ಎಂದರು.

ಪೂವಕ್ಕ ಮನೆಮನೆ ಹತ್ತಿಳಿದರು. ಕಮ್ಮಾರನಿಗೆ ಭತ್ತ ಅಳೆಯುವ ದಿನ ಅವನ ಚಾಪೆಯ ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿ ಕುಳಿತರು. ಬಹಳ ಹೊತ್ತು ಅದು ಖಾಲಿಯೇ ಇತ್ತು. ನನಗೆ ಅಳು ಬರುವಂತಾಗಿತ್ತು. ಆಗ ಬಾಬು ಊರುಗೋಲು ಊರುತ್ತ, ಹೆಗಲ ಮೇಲೆ ಸೌದೆಯ ಕಟ್ಟು ಹೊತ್ತು ಬಂದ. ಚಾಪೆಯ ಪಕ್ಕ ಇಳಿಸಿ, "ನನ್ನ ಪಾಲು ಅಕ್ಕ" ಎಂದ.

ಪೂವಕ್ಕ ಎದ್ದು ನಿಂತು ಬಾಯಿಗೆ ಕೈ ಕೊಟ್ಟರು. "ಕೂ... ಬಾಬುವಿನ ಪಾಲು ಬಂತೂ!"

ಹೊಳೆಯಾಚೆಯ ಮನೆಗಳಿಗೆಲ್ಲ ಕೇಳಿಸಿತು. ಸ್ವಲ್ಪ ಹೊತ್ತಿಗೆ ಒಬ್ಬರು ಕುಕ್ಕೆಯಲ್ಲಿ ಭತ್ತ ಹೊತ್ತು ಬಂದರು. ಅವರ ಹೆಸರೂ ಗುಡ್ಡಕ್ಕೆ ಮುಟ್ಟಿತು. ಆಮೇಲೆ ತಮ್ಮ ಮನೆಯ ಹೆಸರು ಬಾರದಿದ್ದರೆ ಹೇಗೆ ಎಂದು ಜನ ನಾ ಮುಂದು ತಾ ಮುಂದು ಎಂದು ಬಂದರು. ಸಂಜೆಗೆ ಡಾಕ್ಟರ ಚಾಪೆ ಕಾಣದಷ್ಟು ಭತ್ತ ಬಿದ್ದಿತ್ತು. ಕಡೆಗೆ ಆಳಿನ ತಲೆಯ ಮೇಲೆ ಮೂಟೆ ಹೊರಿಸಿಕೊಂಡು ಪಟೇಲರು ಬಂದರು. ಪೂವಕ್ಕ ಮಾತಿಲ್ಲದೆ ಸುರಿಸಿಕೊಂಡರು. ಪಟೇಲರು ಹೋಗಲಿಲ್ಲ. ಕೆಮ್ಮಿದರು, ಅತ್ತಿತ್ತ ನೋಡಿದರು.

"ನನ್ನ ಹೆಸರು ಕೂಗುದಿಲ್ವಾ ಪೂವಕ್ಕ?"

ಆ ಕೂಗು ಸಂಪಾಜೆಗೂ ಕೇಳಿರಬೇಕು! ಡಾಕ್ಟರು ಅಂದೇ ಪೆಟ್ಟಿಗೆ ಬಿಚ್ಚಿದರು.

ಪೂವಕ್ಕನನ್ನು ನಾನು ಕೊನೆಯ ಬಾರಿ ಕಂಡದ್ದು ಆ ಡಾಕ್ಟರ ಜಗಲಿಯ ಬೆಂಚಿನಲ್ಲಿ. ಉಬ್ಬಸದಿಂದ ಸ್ವರವೇ ಹೋಗಿತ್ತು. ಸರದಿಯಲ್ಲಿ ಅವರ ಮುಂದೆ ಬಾಬು, ಹಿಂದೆ ಪಟೇಲರು. ಪೂವಕ್ಕನನ್ನು ಮೊದಲು ಒಳಗೆ ಕರೆಯಿರಿ ಎಂದು ನಾನು ಹೇಳಹೊರಟರೆ ಕೈ ಹಿಡಿದು ಕೂರಿಸಿದರು. "ಬಾಬುವಿನದ್ದಾಗಲಿ ಟೀಚರೇ, ಮತ್ತೆ ನಂದು" ಎಂದು ಪಿಸುಗುಟ್ಟಿ, ಏನನ್ನೋ ಗೆದ್ದವರ ಹಾಗೆ ನಕ್ಕರು. ಗೆದ್ದೇ ಇದ್ದರು.

ಪೂವಕ್ಕ ತೀರಿಹೋದ ವರ್ಷ, ಕುಂಬ್ರದ ಶಾಲೆಗೆ ವರ್ಗವಾಗಿದ್ದ ನಾನು ರಜೆ ಹಾಕಿ ಭತ್ತ ಅಳೆಯುವ ದಿನಕ್ಕೆ ಹೋದೆ. ಎರಡು ಚಾಪೆಗಳೂ ಇದ್ದವು. ಸೌದೆ ಇಳಿಸಿದ ಬಾಬು ರೂಢಿಯಂತೆ ಕೂಗಿಗೆ ಕಾದು ನಿಂತ. ಆಗ ಮುದಿ ಪಟೇಲರು ಮೆಲ್ಲಗೆ ಎದ್ದು, ಬಾಯಿಗೆ ಕೈ ಕೊಟ್ಟು, ಹೊಳೆಯ ಕಡೆಗೆ ತಿರುಗಿದರು.

"ಕೂ... ಬಾಬುವಿನ ಪಾಲು ಬಂತೂ!"