ಲೆಕ್ಕಕ್ಕೆ ಸೇರದ ಮೋಟಾರು

ಮರಳಿನೊಳಗೆ ನೀರೂ ಎಣ್ಣೆಯೂ ಒಟ್ಟಿಗೆ ಹೇಗೆ ಹರಿಯುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ಆಗ ನನ್ನ ಪಿಎಚ್‌ಡಿ. ವೆಸ್ಟ್ ಮಾಂಬಲಂನಲ್ಲಿ ನಾನು ಬಾಡಿಗೆಗಿದ್ದ ಬೀದಿಯ ತುದಿಯಲ್ಲೇ ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕು ಸೋರಿತು. ಎರಡು ವಾರ ಪ್ರೋಗ್ರಾಮ್ ಓಡಿಸಿ ಬೀದಿಯವರಿಗೆಲ್ಲ ಜಂಬದಿಂದ ಹೇಳಿದೆ: "ನೆಲದೊಳಗಿನ ನೀರು ಪೂರ್ವಕ್ಕೆ, ಸಮುದ್ರದ ಕಡೆ ಹರಿಯುತ್ತೆ. ಪೆಟ್ರೋಲೂ ಪೂರ್ವಕ್ಕೇ ಹೋಗುತ್ತೆ. ನಾವಿರೋದು ಪಶ್ಚಿಮಕ್ಕೆ, ಭಯ ಬೇಡ."

ತಿಂಗಳು ಕಳೆದಿರಲಿಲ್ಲ. ಒಂದು ಬೆಳಗ್ಗೆ ಮನೆಯೊಡತಿ ಮಾಮಿ ಬಾವಿನೀರಿನ ಚೊಂಬನ್ನು ನನ್ನ ಮೂಗಿಗೇ ಹಿಡಿದರು.

"ಏನಪ್ಪಾ ಇದು, ನೀರು ಪೂರಾ ಪೆಟ್ರೋಲ್ ವಾಸನೆ!"

ಸಾಧ್ಯವೇ ಇಲ್ಲ! ಮರಳಿನ ಕಣದ ಗಾತ್ರವನ್ನೂ ಬಿಡದೆ ಲೆಕ್ಕಕ್ಕೆ ಸೇರಿಸಿದ್ದೆ.

"ನಿಂತು ನೋಡ್ತೀಯಲ್ಲ, ಮೊದಲು ಮೋಟಾರ್ ಆಫ್ ಮಾಡು," ಎಂದು ಮಾಮಿ ಗದರಿದರು.

ಸ್ವಿಚ್ಚಿನ ಮೇಲೆ ಕೈಯಿಟ್ಟವನು ಹಾಗೇ ನಿಂತುಬಿಟ್ಟೆ. ಬೀದಿಯ ಪ್ರತಿ ಮನೆಯ ಮೋಟಾರೂ ಬೆಳಗಾದರೆ ಬಾವಿಯನ್ನು ಹೀರುತ್ತಿತ್ತು. ನೆಲದಡಿಯ ಹರಿವು ನಮ್ಮ ಕಡೆಗೇ ತಿರುಗಲು ಅಷ್ಟು ಸಾಕು. ಪಂಡಿತನಂತೆ ಮಾಡಿದ ನನ್ನ ಲೆಕ್ಕದಲ್ಲಿ ಒಂದೇ ಒಂದು ಮೋಟಾರೂ ಇರಲಿಲ್ಲ.

ನಮ್ಮ ಮನೆಯದನ್ನು ದಿನಾ ಐದೂವರೆಗೆ ಎದ್ದು ಹಾಕುತ್ತಿದ್ದವನು ನಾನೇ.