ಆರನೇ ಸಂಪುಟದ ಕೊನೆ

ನಲವತ್ತು ದಾಟಿದ ಹೆಂಗಸು ಹದಿಹರೆಯದ ಸೂಪರ್‌ಹೀರೋಗಳ ಕಾಮಿಕ್ಸ್ ಓದುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೂ ಆರು ದಪ್ಪ ಸಂಪುಟಗಳು ಇಸಳೂರಿನ ನಮ್ಮ ಮನೆಗೆ ಕೊರಿಯರ್‌ನಲ್ಲಿ ಬಂದ ದಿನವೇ ಅವಕ್ಕೆ ಶಾಲೆಯ ಪುಸ್ತಕಗಳ ಹಾಗೆ ಕಂದು ಕಾಗದದ ಬೈಂಡು ಹಾಕಿದೆ. ಶಿರಸಿಯಲ್ಲಿ ನಾನು ಹೈಸ್ಕೂಲ್ ಟೀಚರ್. ಬೆಂಚಿನ ಕೆಳಗೆ ಕಾಮಿಕ್ಸ್ ಹಿಡಿದವರಿಂದ ಕಿತ್ತುಕೊಳ್ಳುವವಳು ನಾನೇ. ಮರ್ಯಾದೆಯ ಪ್ರಶ್ನೆ.

ಆ ಕಥೆಯಲ್ಲಿ ಐವರು ಮಕ್ಕಳು. ಒಬ್ಬ ಲಾರಿಯನ್ನೇ ಎತ್ತಿ ಬಿಸಾಡುತ್ತಾನೆ, ಗಣಿತದಲ್ಲಿ ಮಾತ್ರ ಪಾಸಾಗುವುದಿಲ್ಲ. ಇನ್ನೊಬ್ಬಳು ಹಾರುತ್ತಾಳೆ, ಕತ್ತಲಾಗುವುದರೊಳಗೆ ಮನೆ ಸೇರದಿದ್ದರೆ ಅಮ್ಮನ ಕೈಲಿ ಬೈಸಿಕೊಳ್ಳುತ್ತಾಳೆ. ನನಗೆ ಪ್ರಾಣವಾದವಳು ಸುತ್ತಲಿನ ಸದ್ದನ್ನೆಲ್ಲ ನುಂಗಿಬಿಡುವ ಹುಡುಗಿ. ಅವಳು ಕೈ ಎತ್ತಿದರೆ ಮಾತಿನ ಗುಳ್ಳೆಗಳೆಲ್ಲ ಮಾಯ, ಎರಡು ಪುಟದ ತುಂಬ ಬರೀ ಚಿತ್ರ. ಅಂಥ ಪುಟ ಬಂದಾಗ ನನಗೂ ಕುಕ್ಕರಿನ ಸೀಟಿ ಕೇಳುತ್ತಿರಲಿಲ್ಲ. ಶತ್ರುಗಳ ಮುಖಂಡ ಅವಳ ಸ್ವಂತ ಅಣ್ಣ. ಕೊನೆಗೆ ಅವಳು ಏನಾಗುತ್ತಾಳೆ ಎಂಬುದೊಂದೇ ನನ್ನ ಚಿಂತೆ. ಬೇಗ ಮುಗಿದುಹೋಗಬಾರದೆಂದು ಭಾನುವಾರ ಮಾತ್ರ ಓದುತ್ತಿದ್ದೆ.

ಉಳಿದ ದಿನಗಳಲ್ಲಿ ಅದೇ ಪುಸ್ತಕಗಳನ್ನು ಇನ್ನೊಬ್ಬರು ಓದುತ್ತಿದ್ದಾರೆಂದು ತಿಳಿದದ್ದು ತಡವಾಗಿ. ನನ್ನ ಮಾವ ನಿವೃತ್ತ ಇಂಗ್ಲಿಷ್ ಮೇಷ್ಟ್ರು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯ ಮುಗಿದೊಡನೆ ಕುಳಿತಲ್ಲೇ ಪಾತ್ರವಾಗಿ, ಎದುರಿನವರ ಜೊತೆ ವಾದಕ್ಕೆ ಇಳಿಯಬೇಕು. ಮಾತನ್ನು ಅಲ್ಲಲ್ಲೇ ಕಟ್ಟಬೇಕು. ಒಂದು ಮಧ್ಯಾಹ್ನ ಅನ್ನಕ್ಕೆ ತಂಬುಳಿ ಸುರಿದುಕೊಳ್ಳುತ್ತ ಅವರೆಂದರು: “ಆ ಸದ್ದು ನುಂಗುವ ಕೂಸು ಕಡೆಗೆ ಸಾಯ್ತು. ಅಣ್ಣನ್ನ ಉಳಿಸಲೆ ಹೋಗಿ ಸಾಯ್ತು. ಪಾತ್ರ ಹೇಳಿದ್ರೆ ಅದು!”

ನಾನಿನ್ನೂ ನಾಲ್ಕನೇ ಸಂಪುಟದಲ್ಲಿದ್ದೆ.

“ಮಾವ, ಕೊನೆ ಎಂತಕ್ಕೆ ಹೇಳಿದ್ರಿ?”

“ಅದ್ರಲ್ಲಿ ಎಂತ ಇದ್ದು? ಪ್ರಸಂಗದಲ್ಲಿ ಯಾರು ಸಾಯ್ತ ಹೇಳಿ ಕೇಳುವವಕ್ಕೆಲ್ಲ ಮೊದಲೇ ಗೊತ್ತಿರ್ತು. ಆದ್ರೂ ಜನ ಬರ್ತ. ಕೊನೆ ಗೊತ್ತಿದ್ರೇ ಮಾತಿಗೆ ರುಚಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಮರುದಿನದಿಂದ ಅವರ ಕಷಾಯಕ್ಕೆ ಬೆಲ್ಲ ಹಾಕಲು ಮರೆತೆ. ಮರೆತೆ ಎಂದರೆ, ನೆನಪಿಟ್ಟುಕೊಂಡು ಮರೆತೆ. ಅವರು ಮುಖ ಕಿವುಚಿಕೊಂಡು ಕುಡಿದರೇ ಹೊರತು ಕಾರಣ ಕೇಳಲಿಲ್ಲ.

ಮುಂದಿನ ಭಾನುವಾರ ಅವರು ಸಿದ್ದಾಪುರದ ತಾಳಮದ್ದಳೆ ಕೂಟಕ್ಕೆ ಹೊರಟರು. ಯಲ್ಲಾಪುರದಲ್ಲಿ ನೌಕರಿಯಲ್ಲಿರುವ ಗಂಡ ಆ ವಾರ ಬಂದಿರಲಿಲ್ಲ. ಹೇಗೂ ಕೊನೆ ಹಾಳಾಗಿದೆ, ಇನ್ನು ಉಳಿಸಿಕೊಳ್ಳುವುದೇನು ಎಂದು ಉಳಿದದ್ದನ್ನೆಲ್ಲ ಒಟ್ಟಿಗೇ ಓದಲು ಕುಳಿತೆ. ಪುಟ ತಿರುಗಿಸುವಾಗಲೆಲ್ಲ ಇಲ್ಲೇ ಸಾಯುತ್ತಾಳೆ ಎಂದು ಎದೆ ಹಿಡಿದುಕೊಂಡಿದ್ದೆ. ಆರನೆಯದೂ ಮುಗಿಯುತ್ತ ಬಂತು, ಹುಡುಗಿ ಸಾಯಲಿಲ್ಲ! ಶಕ್ತಿಯನ್ನು ಕಳೆದುಕೊಂಡಳು, ಜೀವ ಉಳಿಯಿತು. ಅಣ್ಣನನ್ನು ಕರೆದುಕೊಂಡು ಯಾವುದೋ ಬಸ್ಸು ಹತ್ತಿ ಹೊರಟೇಹೋದಳು. ನಾನು ಸೋಫಾದಿಂದ ಎದ್ದು ಒಬ್ಬಳೇ ಚಪ್ಪಾಳೆ ತಟ್ಟಿದೆ.

ಸಂಜೆ ಮಾವ ಗೇಟು ತೆಗೆಯುವುದನ್ನೇ ಕಾಯುತ್ತಿದ್ದೆ. “ಮಾವ, ಅದು ಸತ್ತಿದ್ದೇ ಇಲ್ಲೆ! ಶಕ್ತಿ ಕಳ್ಕಂಡು, ಅಣ್ಣನ್ನ ಕರ್ಕಂಡು ಬಸ್ಸು ಹತ್ತಿ ಹೋತು. ನಿಂಗೊ ಹೇಳಿದ್ದೆಲ್ಲ ಸುಳ್ಳು!”

ಅವರು ಅಲ್ಲೇ ನಿಂತುಬಿಟ್ಟರು.

“ಆನು ಓದಿದ್ದು ಐದೇಯ,” ಎಂದರು. “ಸಾಯ್ತು ಹೇಳಿದ್ದು ಆನೇ ಕಟ್ಟಿದ್ದು. ಆರನೇದು ಆನು ನಾಳೆ ಓದನ ಹೇಳಿ ಆಸೆಯಿಂದ ಇಟ್ಗಂಡಿದ್ದಿ. ಪೂರಾ ಹೇಳ್ಬಿಟ್ಯಲೆ ಕೂಸೆ!”

ಚಪ್ಪಲಿಯನ್ನೂ ಬಿಚ್ಚದೆ ಜಗುಲಿಯ ಕಟ್ಟೆಯ ಮೇಲೆ ಅತ್ತ ಮುಖ ತಿರುಗಿಸಿ ಕುಳಿತರು. ಪಾಪ ಅನಿಸಿತು, ಅನಿಸಲಿಲ್ಲ ಎನ್ನುವುದಿಲ್ಲ. ಆದರೆ ಖುಷಿ ಅದಕ್ಕಿಂತ ಬಹಳ ಹೆಚ್ಚಾಯಿತು.