ಯಾವ ಊರಿನದೂ ಅಲ್ಲದ ಭಾಷೆ

ಆರು ಗಂಟೆಗೆ ಡಿಕಾಕ್ಷನ್ ಇಳಿಯಲು ಬಿಟ್ಟು, ಅದು ತೊಟ್ಟಿಕ್ಕುವಷ್ಟರಲ್ಲಿ ಅಕ್ಕಿ ತೊಳೆದು, ಆಮೇಲೆ ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುವುದು ನನ್ನ ಬೆಳಗಿನ ಕ್ರಮ. ಅವತ್ತೂ ಹಾಗೆಯೇ ಆಯಿತು. ಕೆಳಗಿನ ಗಲ್ಲಿಯಲ್ಲಿ ಮೀನಿನವನು ಕೂಗಿಕೊಂಡು ಹೋದ. ಮೀನು ತಿನ್ನದ ನನಗೂ ಈಗ ಅವನ ಕೂಗಿನ ಎಳೆತದಿಂದಲೇ ಬುಟ್ಟಿಯಲ್ಲಿ ಯಾವ ಮೀನಿದೆ ಎಂದು ತಿಳಿಯುತ್ತದೆ. ಕಾಲರಿನ ಒಳಮಗ್ಗುಲಿಗೆ ಎರಡೆರಡು ಸಲ ಇಸ್ತ್ರಿ ಒತ್ತಿದೆ. ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಯಜಮಾನರು ಶೂ ಲೇಸು ಬಿಗಿಯುತ್ತಾ ತಲೆ ಎತ್ತದೆಯೇ ಕೇಳಿದರು, "ಇವತ್ತು ಲಾಸ್ಟ್ ಡೇಟ್ ಅಲ್ವಾ?"

"ಹೂಂ. ಸಂಜೆ ಐದು ಗಂಟೆವರೆಗೆ."

"ಮೇಷ್ಟ್ರು ಸಿಗದೇ ಇದ್ರೆ ಬೇಸಿಕ್ ಲೆವೆಲ್ ಬರೀಲಿ ಬಿಡು. ಪ್ರಪಂಚ ಏನೂ ಮುಳುಗಲ್ಲ."

ಮಗಳು ಉಪ್ಪಿಟ್ಟಿನ ಸಾಸಿವೆಯನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು. ಅಪ್ಪ ಹಾಗೆಂದಾಗ ಒಂದು ಸಾಸಿವೆ ಅವಳ ಬೆರಳಿನ ಕೆಳಗೆ ಕೊಂಚ ಹೆಚ್ಚು ಹೊತ್ತು ನಿಂತಿತು. ಭಾಷೆಗಳನ್ನೇ ಓದಬೇಕೆಂದು ಅವಳು ಆರಿಸಿಕೊಂಡಿದ್ದ ಕಾಲೇಜಿಗೆ ಅಡ್ವಾನ್ಸ್ಡ್ ಸ್ಪ್ಯಾನಿಶ್ ಪರೀಕ್ಷೆಯ ಅಂಕ ಬೇಕೇ ಬೇಕಿತ್ತು. ಬೇಸಿಕ್ ಬರೆದರೆ ಆ ಅರ್ಜಿ ಹಾಕುವಂತೆಯೇ ಇಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು, ಲೇಸು ಬಿಗಿಯುತ್ತಿದ್ದವರಿಗೂ ಗೊತ್ತು.

ಈ ಸ್ಪ್ಯಾನಿಶ್ ನಮ್ಮ ಮನೆಗೆ ಬಂದ ಬಗೆ ಹೇಳಬೇಕು. ವರ್ಗಾವಣೆಯ ನೌಕರಿಯವರಿಗೆ ಮಾತ್ರ ಹೊಳೆಯುವ ಬುದ್ಧಿವಂತಿಕೆ ಅದು. ವಿಶಾಖಪಟ್ಟಣದಲ್ಲಿ ಮಗಳು ತೆಲುಗಿನ ಅಕ್ಷರ ತಿದ್ದಿದಳು. ಕೈ ಪಳಗುವಷ್ಟರಲ್ಲಿ ಭುವನೇಶ್ವರಕ್ಕೆ ಆರ್ಡರ್ ಬಂತು, ಒಡಿಯಾ ಶುರುವಾಯಿತು. ಕನ್ನಡ ಮನೆಯೊಳಗೆ ಕಿವಿಯಲ್ಲಿ ಮಾತ್ರ ಉಳಿಯಿತು. ಪ್ರತಿ ಊರಿನಲ್ಲೂ ಮಗು ಒಂದನೇ ಕ್ಲಾಸಿನ ಪುಸ್ತಕ ಹಿಡಿದು ಅಳುವುದನ್ನು ನೋಡಲಾಗದೆ, ಭುವನೇಶ್ವರದ ಶಾಲೆಯ ಭಾಷೆಗಳ ಪಟ್ಟಿಯಲ್ಲಿ ಸ್ಪ್ಯಾನಿಶ್ ಎಂಬುದನ್ನು ಕಂಡವಳು ನಾನೇ. "ಇದು ಯಾವ ಊರಿನದೂ ಅಲ್ಲ. ಆದ್ದರಿಂದ ಎಲ್ಲ ಊರಿಗೂ ನಮ್ಮ ಜೊತೆ ಬರುತ್ತೆ" ಅಂದೆ. ಯಜಮಾನರು ಮೆಚ್ಚಿ ತಲೆಯಾಡಿಸಿದ್ದರು. ಯಾವ ಊರಿನದೂ ಅಲ್ಲದ ಭಾಷೆಗೆ ಯಾವ ಊರಿನಲ್ಲೂ ಮೇಷ್ಟ್ರಿರುವುದಿಲ್ಲ ಎಂಬುದು ಆಗ ನಮ್ಮಿಬ್ಬರಿಗೂ ತೋಚಲಿಲ್ಲ.

ಕಲ್ಕತ್ತೆಗೆ ಬಂದು ಎರಡು ವರ್ಷ ಎಲ್ಲ ಸರಿಯಾಗಿತ್ತು. ಈ ವರ್ಷ ದುರ್ಗಾಪೂಜೆಯ ರಜೆ ಮುಗಿದ ಮೇಲೆ ಶಾಲೆಯ ಸ್ಪ್ಯಾನಿಶ್ ಟೀಚರ್ ಹಿಂದಿರುಗಲಿಲ್ಲ. ಅಡ್ವಾನ್ಸ್ಡ್ ತೆಗೆದುಕೊಂಡಿದ್ದವರು ಮೂರೇ ಮಕ್ಕಳು. ಇಬ್ಬರು ಆ ವಾರವೇ ಬೇಸಿಕ್‌ಗೆ ಇಳಿದರು. ಮೌಖಿಕ ಪರೀಕ್ಷೆಗೆ ತಯಾರು ಮಾಡಿ, ಎದುರಿಗೆ ಕೂತು ಧ್ವನಿಮುದ್ರಣ ಮಾಡಿಕೊಡುವ ಅರ್ಹ ಮೇಷ್ಟ್ರೊಬ್ಬರನ್ನು ನೀವೇ ಹುಡುಕಿ ಹೆಸರು ಕೊಟ್ಟರೆ ನಮ್ಮ ಅಭ್ಯಂತರವಿಲ್ಲ ಎಂದು ಶಾಲೆಯವರು ಬರೆದರು. ಎದುರಿಗೆ ಕೂರಬೇಕು ಅಂದದ್ದರಿಂದ ಕಂಪ್ಯೂಟರಿನ ಪರದೆಯೊಳಗಿನ ಮೇಷ್ಟ್ರುಗಳೆಲ್ಲ ಬಿದ್ದುಹೋದರು. ಅಲಿಪುರದ ಒಂದು ಭಾಷಾ ತರಗತಿಯಲ್ಲಿ ರಿಸೆಪ್ಶನ್ ಹುಡುಗಿ ಉಗುರಿನ ಬಣ್ಣ ಒಣಗಿಸಿಕೊಳ್ಳುತ್ತಾ, "ಓನ್ಲಿ ಬಿಗಿನರ್ಸ್, ಆಂಟಿ. ನಮಸ್ಕಾರ ಹೇಳೋದು, ಬಣ್ಣದ ಹೆಸರು, ಹಣ್ಣಿನ ಹೆಸರು" ಅಂದಳು. ಗಣಿತಕ್ಕೆ, ರಸಾಯನಶಾಸ್ತ್ರಕ್ಕೆ, ತಬಲಾಕ್ಕೆ, ಚಿತ್ರ ಬರೆಯಲು ಪ್ರತಿ ಗಲ್ಲಿಯ ಪ್ರತಿ ಮಹಡಿಯಲ್ಲೂ ಒಬ್ಬ ಮೇಷ್ಟ್ರು ಚಾಪೆ ಹಾಸಿ ಕೂತಿರುವ ಊರು ಇದು. ಆ ಊರಿನಲ್ಲಿ ನಾನು ಮೂರು ವಾರ ಒಬ್ಬರೇ ಒಬ್ಬರಿಗಾಗಿ ಅಲೆದೆ.

ಕೊನೆಯ ದಿನ ಹತ್ತೂವರೆಗೆ ಫೋನ್ ಬಂತು. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ, ಜೋಕಾದ ಮ್ಯಾನೇಜ್‌ಮೆಂಟ್ ಸಂಸ್ಥೆಯ ಕ್ಯಾಂಪಸ್ಸಿನಲ್ಲಿರುವ ಪ್ರಾಧ್ಯಾಪಕರೊಬ್ಬರ ಹೆಂಡತಿ, ನಮ್ಮ ಮೈಸೂರಿನ ಕಡೆಯವರು.

"ಸಿಕ್ಕಿದ್ರು ರೀ! ದಕ್ಷಿಣೇಶ್ವರದಲ್ಲಿ ಒಬ್ರು ಹಿರಿಯರು. ಹಡಗಿನ ಕಂಪನಿ ಕೆಲಸದಲ್ಲಿ ಇಪ್ಪತ್ತು ವರ್ಷ ದಕ್ಷಿಣ ಅಮೆರಿಕದಲ್ಲೇ ಇದ್ರಂತೆ. ಡಿಪ್ಲೊಮಾ, ಗಿಪ್ಲೊಮಾ ಎಲ್ಲಾ ಇದೆಯಂತೆ. ಆದ್ರೆ ಫೋನ್ ಎತ್ತಲ್ಲ. ಅಡ್ರೆಸ್ ಕಳಿಸ್ತೀನಿ, ನೇರ ಹೋಗ್ಬಿಡಿ."

"ಹೇಳದೆ ಕೇಳದೆ ಹೇಗ್ರೀ ಹೋಗೋದು?"

"ಅಯ್ಯೋ, ನಿಮ್ಮ ಕಾನ್ವೆಂಟ್ ಮರ್ಯಾದೆ ಕಟ್ಟಿಡಿ ಇವತ್ತೊಂದು ದಿನ!"

ಜೋಕಾದಿಂದ ಮೆಟ್ರೋ, ಮಾಝೇರ್‌ಹಾಟ್‌ನಲ್ಲಿ ಇಳಿದು ಆಟೋ, ಮತ್ತೆ ಕಾಳಿಘಾಟ್‌ನಿಂದ ಇನ್ನೊಂದು ಮೆಟ್ರೋ. ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಮಗಳ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ವರ್ಷದ ಕ್ರಮದಲ್ಲಿ ಜೋಡಿಸಿಕೊಂಡಿದ್ದೆ. ಅವಳನ್ನು ಶಾಲೆಯಿಂದ ಕರೆದುಕೊಂಡು ಹೋಗೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ಗಣಿತದ ತರಗತಿ ತಪ್ಪುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಆ ಮನುಷ್ಯ "ಆಗಲ್ಲ" ಎಂದರೆ ಆ ಮಾತು ಅವಳ ಕಿವಿಗೆ ಬೀಳುವುದು ನನಗೆ ಬೇಡವಾಗಿತ್ತು. ದಕ್ಷಿಣೇಶ್ವರದಲ್ಲಿ ಇಳಿದು, ಬರಿಗೈಯಲ್ಲಿ ಹೋಗಬಾರದೆಂದು ಒಂದು ಪೊಟ್ಟಣ ಸಂದೇಶ್ ಸಿಹಿ ಕಟ್ಟಿಸಿಕೊಂಡು, ಎರಡೂಕಾಲಿಗೆ ಆ ಮನೆಯ ಗಂಟೆ ಒತ್ತಿದೆ.

ಒತ್ತಿದ ಮೇಲೆ ನೆನಪಾಯಿತು. ಮಧ್ಯಾಹ್ನದ ಊಟ ಮುಗಿದ ಹೊತ್ತಿನಲ್ಲಿ ಕಲ್ಕತ್ತೆಯಲ್ಲಿ ಯಾರ ಮನೆಯ ಗಂಟೆಯನ್ನೂ ಒತ್ತಬಾರದು. ಗಲ್ಲಿಯ ಅಂಗಡಿಗಳೆಲ್ಲ ಅರ್ಧ ಶಟರ್ ಎಳೆದಿದ್ದವು. ಗ್ರಿಲ್ಲಿನ ಹಿಂದೆ ಸೊಸೆಯಂತೆ ಕಂಡ ಹೆಂಗಸೊಬ್ಬಳು ಬಂದಳು. ಕೆನ್ನೆಯ ಮೇಲೆ ದಿಂಬಿನ ಗೀರು ಹಾಗೇ ಇತ್ತು.

"ಬಾಬಾ ಘುಮಾಚ್ಛೇನ್," ಎಂದು ಅಂಗೈಯ ಮೇಲೆ ಕೆನ್ನೆಯಿಟ್ಟು ನಿದ್ದೆಯ ಸನ್ನೆ ಮಾಡಿದಳು. "ಐದು ಗಂಟೆ ಆದ ಮೇಲೆ ಬನ್ನಿ."

ಐದಕ್ಕೆ ನನ್ನ ಗಡುವು ಎಂದು ನನ್ನ ಹರುಕುಮುರುಕು ಹಿಂದಿಯಲ್ಲಿ ಹೇಳಿದೆ. ಮಗಳ ಪರೀಕ್ಷೆ ಅಂದೆ. ಕಣ್ಣಿನಲ್ಲಿ ನೀರು ಬಂದುಬಿಟ್ಟಿತು, ನಾಚಿಕೆಯಾಯಿತು. ಅವಳು ನನ್ನ ಮುಖವನ್ನೂ ಪೊಟ್ಟಣವನ್ನೂ ನೋಡಿ, "ಅಚ್ಛಾ, ಅಚ್ಛಾ, ಸಾಡೇ ಚಾರ್‌ಗೆ ಎಬ್ಬಿಸ್ತೀನಿ. ಅದಕ್ಕೂ ಮೊದಲು ಎಬ್ಬಿಸಿದ್ರೆ ನನ್ನನ್ನೇ ಗಂಗೆಗೆ ತಳ್ತಾರೆ" ಎಂದಳು.

ಎರಡು ಗಂಟೆಗೂ ಹೆಚ್ಚು ಹೊತ್ತು ನದಿಯ ಪಕ್ಕದ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ದೋಣಿಗಳು ಜನರನ್ನು ತುಂಬಿಕೊಂಡು ಆಚೆ ದಡಕ್ಕೆ ಹೋಗಿ ಬರುತ್ತಿದ್ದವು. ಕಾಲ ಬಳಿಗೆ ಬಂದ ಇರುವೆಗಳು ಸಂದೇಶ್ ಪೊಟ್ಟಣದ ರಬ್ಬರ್ ಬ್ಯಾಂಡಿನ ಮೇಲೆ ಸಾಲು ಕಟ್ಟಿದವು. ಅವನ್ನು ಊದಿ ಊದಿ ಓಡಿಸುತ್ತಾ, ಮೇಷ್ಟ್ರ ಮುಂದೆ ಹೇಳಬೇಕಾದ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡೆ. ದೇವಸ್ಥಾನ ಅಷ್ಟು ಹತ್ತಿರವಿದ್ದರೂ ಒಳಗೆ ಹೋಗಿ ಕೈಮುಗಿಯಲು ಧೈರ್ಯ ಬರಲಿಲ್ಲ. ದೇವರ ಹತ್ತಿರವೂ ಹೇಳದೆ ಕೇಳದೆ, ಕೆಲಸವಿದ್ದಾಗ ಮಾತ್ರ ಹೋದ ಹಾಗಾಗುತ್ತದೆ ಅನ್ನಿಸಿತು.

ನಾಲ್ಕೂವರೆಗೆ ಹಿರಿಯರು ಕೆಳಗಿಳಿದು ಬಂದರು. ಬಿಳಿ ಲುಂಗಿ, ಹೊಸದಾಗಿ ಬಾಚಿದ ಒದ್ದೆ ಕೂದಲು. ಕೂರುವ ಮೊದಲೇ ನನ್ನ ಹಿಂದೆ, ಬಾಗಿಲಿನ ಕಡೆ ನೋಡಿದರು.

"ಛಾತ್ರೀ ಕೋಥಾಯ್?" ಎಂದರು. ಆಮೇಲೆ ನನ್ನ ಬೆಪ್ಪು ಮುಖ ಕಂಡು ಕರುಣೆಯಿಂದ ಇಂಗ್ಲಿಷಿಗೆ ಬಂದರು. "ಹುಡುಗಿ ಎಲ್ಲಿ?"

"ಶಾಲೆಯಲ್ಲಿದ್ದಾಳೆ, ಸರ್. ಗಣಿತದ ಕ್ಲಾಸು..." ಅಂಕಪಟ್ಟಿಗಳನ್ನು ಮುಂದೆ ಇಟ್ಟೆ. ಅವರು ಮುಟ್ಟಲಿಲ್ಲ.

"ಮಿಷ್ಟಿ ತಂದಿದ್ದೀರಿ, ಕಾಗದ ತಂದಿದ್ದೀರಿ, ಹುಡುಗಿಯನ್ನ ಬಿಟ್ಟು ಬಂದಿದ್ದೀರಿ. ಮೀನು ಕೊಳ್ಳೋಕೆ ಹೋದೋರೂ ಕಿವಿರು ಎತ್ತಿ ನೋಡ್ತಾರಲ್ಲ, ಮಾ?"

ಸೊಸೆ ಒಳಗಿನಿಂದ ನಕ್ಕದ್ದು ಕೇಳಿಸಿತು. ನಾನೂ ನಗಲು ನೋಡಿದೆ, ಆಗಲಿಲ್ಲ.

"ಹೋಗಲಿ, ನೀವೇ ಹೇಳಿ. ಹೇಗೆ ಮಾತಾಡ್ತಾಳೆ? ತಡವರಿಸ್ತಾಳಾ? ಒಂದು ವಾಕ್ಯ ಶುರು ಮಾಡಿದ್ರೆ ಮುಗಿಸ್ತಾಳಾ, ಇಲ್ಲ ಮಧ್ಯದಲ್ಲಿ ಇಂಗ್ಲಿಷಿಗೆ ಹಾರ್ತಾಳಾ?"

ಅವಳ ಸ್ಪ್ಯಾನಿಶ್ ಪುಸ್ತಕಗಳಿಗೆ ಬೈಂಡು ಹಾಕಿದವಳು ನಾನು. ಯಾವ ಪರೀಕ್ಷೆಯಲ್ಲಿ ಎಷ್ಟು ಬಂತೆಂದು ಬಾಯಿಪಾಠ ಹೇಳಬಲ್ಲೆ. ಅವಳ ಪೆನ್ನಿನ ಮುಚ್ಚಳದ ತುದಿ ಎಷ್ಟು ಕಚ್ಚಿಹೋಗಿದೆ ಎಂಬುದೂ ಗೊತ್ತು. ಆದರೆ ಅವಳು ಆ ಭಾಷೆಯಲ್ಲಿ ಮಾತಾಡಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

"ಗೊತ್ತಿಲ್ಲ, ಸರ್," ಅಂದೆ.

ಅವರು ಅಂಕಪಟ್ಟಿಗಳನ್ನು ನನ್ನ ಕಡೆಗೇ ಸರಿಸಿದರು. "ಕೇಳದೆ ನನ್ನ ಹೆಸರು ಕೊಡಲ್ಲ. ಈ ಊರಲ್ಲಿ ಯಾವ ಮಾಸ್ಟರೂ ಕೊಡಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಅವಳನ್ನ ಕರ್ಕೊಂಡು ಬನ್ನಿ, ಹತ್ತು ನಿಮಿಷ ಮಾತಾಡಲಿ. ಆಮೇಲೆ ಹೂಂ ಅಂದ್ರೆ ಹೂಂ, ಉಹುಂ ಅಂದ್ರೆ ಉಹುಂ. ಅಳಬಾರದು."

ಗಲ್ಲಿಯ ತಿರುವಿನಲ್ಲಿ ನಿಂತು ಶಾಲೆಯ ಪರೀಕ್ಷಾ ವಿಭಾಗದವರಿಗೆ ಫೋನ್ ಮಾಡಿದೆ. ಐದಕ್ಕೆ ಹತ್ತು ನಿಮಿಷವಿತ್ತು. ಹಿರಿಯರ ಹೆಸರನ್ನು ಹೇಳಿಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ನಾಲಿಗೆಯ ತುದಿಗೆ ಬಂತು ಕೂಡ. ಹೇಳಲಿಲ್ಲ. ಒಂದೇ ಒಂದು ದಿನ ಕೊಡಿ ಎಂದು ಬೇಡಿಕೊಂಡೆ. ನಾನು ಯಾರ ಹತ್ತಿರವೂ ಹಾಗೆ ಬೇಡಿದವಳಲ್ಲ.

"ಮ್ಯಾಮ್, ನಾಳೆ ಹತ್ತು ಗಂಟೆಗೆ ನಾನು ಲಿಸ್ಟ್ ಕಳಿಸ್ತೀನಿ. ಒಂದು ನಿಮಿಷ ಆಚೆ ಆಗಲ್ಲ," ಎಂದಿತು ಆ ಕಡೆಯ ದಣಿದ ದನಿ. "ಬೇಸಿಕ್‌ಗೆ ಇಳಿಯೋ ಫಾರಂ ಮಗಳ ಕೈಲಿ ಕೊಟ್ಟಿದ್ದೀವಿ. ಅದಕ್ಕೆ ಸೈನ್ ಮಾಡಿ ಕಳಿಸಿದ್ರೆ ನಿಮಗೂ ಸುಲಭ, ನಮಗೂ ಸುಲಭ."

ಮನೆ ಸೇರಿದಾಗ ಏಳು ಗಂಟೆ. ಫಾರಂ ಊಟದ ಮೇಜಿನ ಮೇಲಿತ್ತು. ಮಗಳು ಎಲ್ಲ ತುಂಬಿದ್ದಳು. ದುಂಡಗಿನ ಅಕ್ಷರ, ಒಂದು ಕಡೆಯೂ ಗೀಚಿರಲಿಲ್ಲ. ನನ್ನ ಸಹಿಯ ಜಾಗ ಮಾತ್ರ ಖಾಲಿ. ನಾನು ಚಪ್ಪಲಿ ಬಿಡುವಾಗಲೇ ಎಲ್ಲ ಹೇಳಿದೆ: ದಕ್ಷಿಣೇಶ್ವರ, ಎಂಟು ಗಂಟೆ, ಹತ್ತೇ ನಿಮಿಷ.

"ನಾನು ಬರಲ್ಲ," ಅಂದಳು.

"ಹತ್ತು ನಿಮಿಷ ಕಣೇ."

"ಅಮ್ಮ, ಲಿಸನ್. ಬರೆಯೋದು ಓಕೆ. ಮಾತಾಡೋಕೆ ನಂಗೆ ಬರಲ್ಲ. ಯಾರೋ ಗೊತ್ತಿಲ್ದಿರೋ ಅಂಕಲ್ ಮುಂದೆ ಕೂತ್ರೆ ಬಾಯಿ ಫ್ರೀಜ್ ಆಗುತ್ತೆ. ಅವ್ರು ನೋ ಅಂತಾರೆ. ನೀನು ಮೆಟ್ರೋದಲ್ಲಿ ಅಳ್ತೀಯ. ವೈ ಬಾದರ್?"

"ಒಂದು ವಾಕ್ಯ ಹೇಳು. ನನ್ನ ಮುಂದೆ. ಏನಾದ್ರೂ."

"ನಿಂಗೆ ಅರ್ಥಾನೇ ಆಗಲ್ಲ, ಹೇಳಿ ಏನು ಪ್ರಯೋಜನ?" ಅವಳ ಕಣ್ಣು ಕೆಂಪಗಿತ್ತು. "ಸೈನ್ ಮಾಡಮ್ಮ. ಪ್ಲೀಸ್. ಐ ಯಾಮ್ ಟೈಯರ್ಡ್."

ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಬಡಿಯಲಿಲ್ಲ, ಮೆಲ್ಲಗೆ ಮುಚ್ಚಿದಳು. ಅದರಿಂದಲೇ ಹೆಚ್ಚು ನೋವಾಯಿತು. ಯಜಮಾನರು ಸೋಫಾದಿಂದ ನನ್ನನ್ನೊಮ್ಮೆ, ಫಾರಮನ್ನೊಮ್ಮೆ ನೋಡಿದರು. "ಅವಳೇ ಬರಲ್ಲ ಅಂದ ಮೇಲೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು.

ನಾನು ಕುರ್ಚಿ ಎಳೆದು ಕೂತೆ. ಅವಳು ಹೇಳಿದ್ದೇ ನಿಜವಿರಬಹುದು. ಬರದ ವಿದ್ಯೆಯನ್ನು ನನ್ನ ಹಟಕ್ಕಾಗಿ, ನನ್ನ ಹಳೆಯ ಜಾಣತನವನ್ನು ಸರಿಯೆಂದು ತೋರಿಸಿಕೊಳ್ಳುವುದಕ್ಕಾಗಿ, ಆ ಮಗುವಿನ ಮೇಲೆ ಹೇರುತ್ತಿದ್ದೇನೇನೋ. ಹತ್ತು ನಿಮಿಷ ಅಪರಿಚಿತರ ಮುಂದೆ ತಲೆತಗ್ಗಿಸಿ ಕೂರಿಸುವುದು ಯಾವ ಪ್ರೀತಿ? ಪೆನ್ನಿನ ಮುಚ್ಚಳ ತೆಗೆದೆ. ಹೆಸರಿನ ಮೊದಲ ಅಕ್ಷರ ಬರೆಯಲು ಕೈ ಇಟ್ಟೆ.

ಬಾಗಿಲ ಗಂಟೆ ಸದ್ದಾಯಿತು. ಪಕ್ಕದ ಮನೆಯಾಕೆ, ನನ್ನನ್ನು ಬೌದಿ ಅಂದರೆ ಅತ್ತಿಗೆ ಎಂದೇ ಕರೆಯುವವರು. ನಮ್ಮ ಹಿಂದಿನ ಬಾಲ್ಕನಿಗೂ ಅವರ ಅಡುಗೆಮನೆಯ ಕಿಟಕಿಗೂ ಒಂದು ಮೊಳ ಅಂತರ. ಕೈಯಲ್ಲಿ ಖಾಲಿ ಬಟ್ಟಲು, ಸೆರಗಿನಲ್ಲಿ ಅರಿಶಿನದ ಕಲೆ.

"ಬೌದಿ, ನಾಲ್ಕು ಎಲೆ ಕರಿಬೇವು ಕೊಡ್ತೀರಾ? ಯೂಟ್ಯೂಬ್ ನೋಡಿ ಸಾಂಬಾರ್ ಮಾಡೋ ಹುಚ್ಚು ಹಿಡಿದಿದೆ ಇವತ್ತು. ಕೆಟ್ಟರೆ ನಿಮ್ಮ ಹೆಸರು ಹೇಳ್ತೀನಿ."

ಕೊಟ್ಟೆ. ಆಕೆ ಎಲೆ ಮೂಸಿ ನೋಡಿ, ಹೊರಡಲು ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು, ನಮ್ಮ ಒಳಗಿನ ನಿಶ್ಶಬ್ದದ ಕಡೆ ಗಲ್ಲ ಎತ್ತಿದರು.

"ಇವತ್ತು ನಿಮ್ಮ ಮಗಳು ಯಾಕೆ ಚುಪ್‌ಚಾಪ್? ದಿನಾ ಸಂಜೆ ನೀವು ಬಜಾರಿಗೆ ಇಳಿದ ತಕ್ಷಣ ಬಾಲ್ಕನೀಲಿ ಶುರು ಮಾಡ್ತಾಳಲ್ಲ ಆ ಬಿದೇಶಿ ಭಾಷೆ. ತಾನೇ ಪ್ರಶ್ನೆ, ತಾನೇ ಜವಾಬು, ಬೈಯೋದು, ನಗೋದು! ನಮ್ಮತ್ತೆ ಸೀರಿಯಲ್ಲಿನ ಸೌಂಡ್ ಕಮ್ಮಿ ಮಾಡಿಸಿ ಕೇಳ್ತಾರೆ ಬೌದಿ, ಒಂದಕ್ಷರ ತಿಳಿಯಲ್ಲ, ಆದ್ರೂ ನೋಡಿ, ಆ ಹುಡುಗಿ ಮಧ್ಯೆ ಒಂದೇ ಒಂದು ಸಲಾನೂ ತಡವರಿಸೋದೇ ಇಲ್ಲ."